ಓಗೊಡದ ಹೃದಯಗಳು

ಜೂನ್ 9, ಮಂಗಳವಾರ

ಚಿಕ್ಕಪ್ಪನಿಗೆ ನಮಸ್ಕಾರ.

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಔಷಧಶಾಸ್ತ್ರ ವಿಭಾಗದ ಸಭೆ ನಡೆಯಿತು. ಹಾಜರಿದ್ದವರು ಏಳು ಜನ. ವಿಷಯ ಒಂದೇ: ವೈದ್ಯಕೀಯ ವಿದ್ಯಾರ್ಥಿಗಳು ಕಪ್ಪೆಯ ಹೃದಯದ ಮೇಲೆ ಮಾಡುವ ಪ್ರಯೋಗವನ್ನು ಮುಂದಿನ ವರ್ಷದಿಂದ ಕಂಪ್ಯೂಟರಿನಲ್ಲಿ ಮಾಡಿಸಬಹುದೇ? ನಾಲ್ವರು ಆಗಬಹುದೆಂದರು, ಇಬ್ಬರು ಆಗದೆಂದರು, ಒಬ್ಬರು ಕಿಟಕಿಯಾಚೆ ನೋಡುತ್ತಿದ್ದರು. ಮುಖ್ಯಸ್ಥರು ಕಡತ ಮುಚ್ಚಿ, "ಮಾತು ಎತ್ತಿದವರು ನೀವು. ಮಾಡಿ ತೋರಿಸೋರೂ ನೀವೇ" ಎಂದು ನನ್ನ ತಲೆಗೆ ಕಟ್ಟಿದರು.

ಸೆಪ್ಟೆಂಬರಿನಲ್ಲಿ ಒಂದು ತಂಡಕ್ಕೆ ಕಲಿಸಿ ನೋಡಬೇಕು. ನವೆಂಬರ್ 16ಕ್ಕೆ ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತು ಸೇರುತ್ತದೆ. ಅಲ್ಲಿ ಒಪ್ಪಿದರೆ ವರ್ಷಕ್ಕೆ ಆರುನೂರು ಕಪ್ಪೆಗಳು ಉಳಿಯುತ್ತವೆ. ಒಪ್ಪದಿದ್ದರೆ ಮತ್ತೆ ಐದು ವರ್ಷ ಯಾರೂ ಪಠ್ಯಕ್ರಮವನ್ನು ಮುಟ್ಟುವಂತಿಲ್ಲ.

ಪರದೆಯ ಮೇಲೆ ಬಡಿಯುವ ಹೃದಯವನ್ನು ಬರಿಯ ಸೂತ್ರದಿಂದ ಮಾಡಲಾಗದು. ನಿಜವಾದ ಹೃದಯಗಳು ಬರೆದ ಗೆರೆಗಳು ಬೇಕು. ಪುಸ್ತಕಗಳಲ್ಲಿ ಎರಡೋ ಮೂರೋ ಚಿತ್ರಗಳಿವೆ. ನಿಮ್ಮ ಹತ್ತಿರ ಅಂಥ ಗೆರೆಗಳಿರುವ ಹಾಳೆಗಳು ಎರಡು ಪೆಟ್ಟಿಗೆ ತುಂಬ ಇವೆ.

ಹೋದ ವರ್ಷ ಇದೇ ಪ್ರಯೋಗದ ಬಗ್ಗೆ ವಿಭಾಗಕ್ಕೆ ಕೊಟ್ಟ ಟಿಪ್ಪಣಿಯಲ್ಲಿ 'ಅನಗತ್ಯ ಹಿಂಸೆ' ಎಂದು ಬರೆದಿದ್ದೆ. ಅಂದಿನಿಂದ ನೀವು ನನ್ನ ಕ್ಷೇಮವನ್ನು ಚಿಕ್ಕಮ್ಮನ ಮೂಲಕ ಮಾತ್ರ ಕೇಳುತ್ತೀರಿ. ಆ ಲ್ಯಾಬಿನಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರ್ ಆಗಿದ್ದವರಿಗೆ ಅದನ್ನು ಓದಿ ಏನನ್ನಿಸಿರಬಹುದೆಂದು ನಾನು ಬರೆಯುವ ಮೊದಲು ಯೋಚಿಸಲಿಲ್ಲ. ಆದರೆ ಬರೆದದ್ದನ್ನು ಅಳಿಸಿಯೂ ಇಲ್ಲ. ಇಷ್ಟನ್ನು ತಿಳಿದೂ ಕೇಳುತ್ತಿದ್ದೇನೆ: ಹಾಳೆಗಳನ್ನು ಕೊಡುತ್ತೀರಾ?

ಇಂತಿ,
ನಿಮ್ಮ ಅಣ್ಣನ ಮಗಳು


ಜೂನ್ 24

ಕಡ್ಡಿಗೆ ಆಶೀರ್ವಾದ.

ಪತ್ರ ತಲುಪಿತು. ನನಗೆ ಫೋನಿನಲ್ಲಿ ಕೇಳಿಸುವುದಿಲ್ಲವೆಂದು ಬರೆದೆಯೋ, ಮುಖ ಕೊಟ್ಟು ಮಾತಾಡಲಾರದೆ ಬರೆದೆಯೋ, ಅದು ನಿನಗೆ ಗೊತ್ತು. ಬರೆದದ್ದು ಒಳ್ಳೆಯದಾಯಿತು.

ಎರಡು ತಗಡಿನ ಪೆಟ್ಟಿಗೆಗಳನ್ನು ಕಳಿಸಿದ್ದೇನೆ. ಒಟ್ಟು 212 ಹಾಳೆ. ಬೆವರುಗೈಯಲ್ಲಿ ಮುಟ್ಟಬೇಡ. ಅಂಚು ಹಿಡಿದು ಎತ್ತು. ವಾರ್ನಿಷ್ ಹಳೆಯದು, ಬಾಗಿಸಿದರೆ ಬಿರಿದು ಮಸಿ ಉದುರುತ್ತದೆ. ಬಲಮೂಲೆಯಲ್ಲಿ ತಾರೀಖು, ಔಷಧಿ, ಎಷ್ಟು ಹನಿ ಎಂದು ಬರೆದಿದೆ. ನನ್ನ ಏಳು ಒಂದರಂತೆ ಕಾಣುತ್ತದೆ. ಅಡ್ಡಗೆರೆ ಇದ್ದರೆ ಏಳು.

ಇನ್ನು ನಿನ್ನ ಟಿಪ್ಪಣಿ. ಕಪ್ಪೆಗೆ ಒಂದು ಕ್ಷಣಕ್ಕಿಂತ ಹೆಚ್ಚು ನೋವು ಕೊಟ್ಟವನಲ್ಲ ನಾನು. ಮಿದುಳಿಗೆ ಸೂಜಿ ಎಲ್ಲಿ ಇಳಿಯಬೇಕೆಂದು ನನ್ನ ಬೆರಳಿಗೆ ಗೊತ್ತಿತ್ತು. ನಿಮ್ಮ ಪ್ರೊಫೆಸರುಗಳಲ್ಲಿ ಇಬ್ಬರಿಗೆ ಸೂಜಿ ಎಲ್ಲಿಡುತ್ತೇವೆ ಎಂಬುದೇ ಗೊತ್ತಿರಲಿಲ್ಲ. 'ಹಿಂಸೆ' ಎಂದೆ, ಇರಲಿ, ಅದು ಸುಳ್ಳಲ್ಲ. 'ಅನಗತ್ಯ' ಎಂದೆಯಲ್ಲ, ಅದು ನಾಟಿತು. ನನ್ನ ಕೆಲಸ ಬೇಡದ್ದಾಗಿತ್ತು ಎಂದ ಹಾಗಾಯಿತು.

ಕೆಲಸ ಮುಗಿದ ಮೇಲೆ ಪೆಟ್ಟಿಗೆಗಳು ವಾಪಸ್ಸು ಬರಬೇಕು.

ಚಿಕ್ಕಪ್ಪ

(ಚಿಕ್ಕಮ್ಮನ ಬರಹ: ಪೆಟ್ಟಿಗೆ ವಾಪಸ್ಸು ಬರಲೇಬೇಕು ಅಂತೇನಿಲ್ಲ ಕಣೇ. ಮಂಚದ ಕೆಳಗೆ ಗುಡಿಸೋಕಾಗ್ದೆ ಎರಡು ವರ್ಷ ಆಯ್ತು. ಆದರೆ ಹೀಗಂದೆ ಅಂತ ಅವರಿಗೆ ಹೇಳ್ಬೇಡ.)


ಜುಲೈ 19, ಭಾನುವಾರ

ಚಿಕ್ಕಪ್ಪನಿಗೆ ನಮಸ್ಕಾರ.

ಪೆಟ್ಟಿಗೆಗಳು ಸುರಕ್ಷಿತವಾಗಿ ಬಂದವು. ನಮ್ಮ ಕೋಣೆಯ ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಒಂದೊಂದೇ ಹಾಳೆ ತೆಗೆದೆವು. ನಾವು ಎಂದರೆ ನಾನು ಮತ್ತು ಗಣಿತ ವಿಭಾಗದ ಗೆಳತಿ. ಪ್ರೋಗ್ರಾಮ್ ಬರೆಯುವವಳು ಅವಳು. ಕಪ್ಪೆಯನ್ನು ಕಂಡರೆ ಕುರ್ಚಿ ಹತ್ತುವವಳು, ಆದ್ದರಿಂದ ಈ ಕೆಲಸಕ್ಕೆ ಅವಳಿಗಿಂತ ಉತ್ಸಾಹಿಗಳು ಸಿಗಲಾರರು.

ಮೊದಲ ಹಾಳೆ ನೋಡಿ, "ಇದನ್ನ ಪ್ರಿಂಟ್ ಮಾಡಿದ್ದು ಯಾವ ಮಷೀನು?" ಎಂದು ಕೇಳಿದಳು. ಮಷೀನಲ್ಲ ಎಂದೆ. ಹೊಳಪಿನ ಕಾಗದವನ್ನು ಡ್ರಮ್ಮಿಗೆ ಸುತ್ತಿ, ಹೊಗೆಯ ದೀಪದ ಮೇಲೆ ತಿರುಗಿಸಿ ಮಸಿ ಹಿಡಿಸುತ್ತಾರೆ. ಹೃದಯಕ್ಕೆ ದಾರ ಕಟ್ಟಿ, ದಾರಕ್ಕೆ ಮುಳ್ಳು ಕಟ್ಟಿ, ಆ ಮುಳ್ಳು ಮಸಿಯನ್ನು ಕೆರೆಯುತ್ತಾ ಹೋಗುತ್ತದೆ. ಹೃದಯ ಬಡಿದಷ್ಟು ಸಲ ಒಂದೊಂದು ಬಿಳಿ ಗೆರೆ ಏಳುತ್ತದೆ ಎಂದು ವಿವರಿಸಿದೆ. ಅವಳು ಭೂತಗನ್ನಡಿ ಹಿಡಿದು ಒಂದೊಂದೇ ಹಾಳೆಯನ್ನು ಬಹಳ ಹೊತ್ತು ನೋಡಿದಳು. "ಗೆರೆ ಕೂದಲಿಗಿಂತ ಸಣ್ಣ ಇದೆ. ಮುಳ್ಳು ಸ್ವಲ್ಪ ಒತ್ತಿದ್ರೂ ದಪ್ಪ ಆಗ್ಬೇಕಿತ್ತು. ಇನ್ನೂರು ಹಾಳೆಯಲ್ಲಿ ಎಲ್ಲೂ ಒತ್ತಿಲ್ಲ. ಯಾರ್ರೀ ಇವರು?" ಎಂದಳು. ನನ್ನ ಚಿಕ್ಕಪ್ಪ ಎಂದೆ. ಮೂರು ವರ್ಷದಿಂದ ಅವಳ ಜೊತೆ ಊಟ ಮಾಡುತ್ತೇನೆ. ಈ ಮಾತು ಅವಳಿಗೆ ಹೇಳಿದ್ದು ಇದೇ ಮೊದಲು.

ವಿದ್ಯಾರ್ಥಿಯಾಗಿದ್ದಾಗ ಲ್ಯಾಬಿನಲ್ಲಿ ನೀವು ನನ್ನನ್ನು "ನೋಡಮ್ಮ, ಹದಿನೇಳನೇ ನಂಬರ್" ಎಂದು ಕರೆಯುತ್ತಿದ್ದುದು ನೆನಪಿದೆಯೇ? ಮನೆಗೆ ಬಂದ ಮೇಲೆ ಕಡ್ಡಿ. ಕಡ್ಡಿ ಮುರಿದ ಹಾಗೆ ಮಾತಾಡುತ್ತೇನೆಂದು ಇಟ್ಟ ಹೆಸರು ಎನ್ನುತ್ತೀರಿ. ಸಣ್ಣಗಿದ್ದೆ ಎಂದು ಚಿಕ್ಕಮ್ಮ ಎನ್ನುತ್ತಾಳೆ.

ಪ್ರತಿ ಹಾಳೆಯಲ್ಲೂ ಗೆರೆಗಳ ಎತ್ತರ, ಅಂತರ, ಔಷಧಿ ಬಿದ್ದ ಮೇಲೆ ಎಷ್ಟು ಬಡಿತಕ್ಕೆ ಏರಿತು, ಎಷ್ಟಕ್ಕೆ ಇಳಿಯಿತು ಎಂದು ಅಳೆಯುತ್ತಿದ್ದೇವೆ. ಎಂಬತ್ತಾರು ಹಾಳೆ ಮುಗಿದಿವೆ. ಪ್ರತಿ ವಿದ್ಯಾರ್ಥಿಗೂ ಬೇರೆಯದೇ ಹೃದಯ ಸಿಗುತ್ತದೆ, ಒಂದರ ಹಾಗೆ ಇನ್ನೊಂದಿಲ್ಲ. ಎಲ್ಲವೂ ನಿಮ್ಮ ಹಾಳೆಗಳಿಂದ ಹುಟ್ಟಿದವು.

ನಿಮ್ಮ,
ಕಡ್ಡಿ


ಆಗಸ್ಟ್ 7

ಕಡ್ಡಿಗೆ ಆಶೀರ್ವಾದ.

ನಿನ್ನ ಗಣಿತದ ಗೆಳತಿಗೆ ಹೇಳು: ಮುಳ್ಳು ಒತ್ತದ ಗುಟ್ಟು ದೊಡ್ಡದೇನಲ್ಲ. ತುದಿಗೆ ಹಳೆಯ ಫಿಲಂ ತುಂಡು ಅಂಟಿಸಬೇಕು. ಅದೂ ಬೇಸಿಗೆಯಲ್ಲಿ ಒಂದಳತೆ, ಚಳಿಯಲ್ಲಿ ಇನ್ನೊಂದಳತೆ. ಇಷ್ಟು ಸಣ್ಣ ಕೆಲಸವನ್ನು ಭೂತಗನ್ನಡಿ ಹಿಡಿದು ನೋಡಿದರಲ್ಲ, ಅದೇ ದೊಡ್ಡದು.

ನನಗೆ ಕೆಲವು ಪ್ರಶ್ನೆಗಳಿವೆ. ನಿನ್ನ ಪರದೆಯ ಹೃದಯ ಒಣಗುತ್ತದೆಯೇ? ನಮ್ಮಲ್ಲಿ ಐದು ನಿಮಿಷಕ್ಕೊಮ್ಮೆ ಉಪ್ಪುನೀರು ಹನಿಸದಿದ್ದರೆ ಒಣಗಿ ನಿಲ್ಲುತ್ತಿತ್ತು. ಹುಡುಗರು ಹರಟೆಗೆ ಬಿದ್ದರೆ ನಾನು ಹಿಂದಿನಿಂದ ಹೋಗಿ ಹನಿಸಿ ಬರುತ್ತಿದ್ದೆ. ಮೊದಲ ಔಷಧಿಯನ್ನು ತೊಳೆಯದೆ ಎರಡನೆಯದನ್ನು ಹಾಕಿದರೆ ಅದಕ್ಕೆ ತಿಳಿಯುತ್ತದೆಯೇ? ಕೊನೆಗೆ ಅದು ಸಾಯುತ್ತದೆಯೇ?

ಚಿಕ್ಕಮ್ಮ ಕೇಳುತ್ತಿದ್ದಾಳೆ, "ಕಂಪ್ಯೂಟರಿನೊಳಗೆ ಕಪ್ಪೆ ಹಾಕಿದರೆ ಅದಕ್ಕೆ ನೀರು ಬೇಡವೇ" ಎಂದು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಮದುವೆಯಾಗಿ ಮೂವತ್ತೈದು ವರ್ಷವಾದರೂ ತಿಳಿಯುವುದಿಲ್ಲ.

ಚಿಕ್ಕಪ್ಪ


ಸೆಪ್ಟೆಂಬರ್ 23, ಬುಧವಾರ

ಚಿಕ್ಕಪ್ಪನಿಗೆ ನಮಸ್ಕಾರ.

ನಿನ್ನೆ ಮೊದಲ ತಂಡಕ್ಕೆ ಕಲಿಸಿದೆ. ಇಪ್ಪತ್ತನಾಲ್ಕು ವಿದ್ಯಾರ್ಥಿಗಳು, ಹನ್ನೆರಡು ಕಂಪ್ಯೂಟರುಗಳು.

ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳಿದ್ದಾಳೆ. ಕಪ್ಪೆಯ ದಿನ ಯಾವಾಗಲೂ ಜೊತೆಗಾರನಿಗೆ ಬಿಟ್ಟು ತಾನು ಬರೆದುಕೊಳ್ಳುತ್ತಿದ್ದಳು. ನಿನ್ನೆ ಒಂದೇ ಹೃದಯಕ್ಕೆ ನಲವತ್ತೊಂದು ಸಲ ಅಡ್ರಿನಲಿನ್ ಕೊಟ್ಟಿದ್ದಾಳೆ. ಅರ್ಧ ಹನಿ, ಕಾಲು ಹನಿ, ಎರಡು ಹನಿ. ಗಂಟೆ ಹೊಡೆದ ಮೇಲೂ ಏಳಲಿಲ್ಲ. "ಹನಿ ಎರಡರಷ್ಟು ಮಾಡಿದ್ರೆ ಬಡಿತದ ಎತ್ತರ ಎರಡರಷ್ಟಾಗಲ್ಲ ಅಂತ ಪುಸ್ತಕದಲ್ಲಿ ಓದಿದ್ದೆ ಮ್ಯಾಮ್. ಈಗ ನೋಡಿದೆ" ಎಂದಳು. ಹತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಆ ವಾಕ್ಯವನ್ನು ಹೇಳಿಕೊಡಬಹುದಾಗಿತ್ತು, ತೋರಿಸಲು ನಲವತ್ತೊಂದು ಕಪ್ಪೆಗಳು ಎಲ್ಲಿದ್ದವು?

ಸಭೆಯಲ್ಲಿ ಆಗದೆಂದಿದ್ದ ಹಿರಿಯ ಪ್ರಾಧ್ಯಾಪಕರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ವಿದ್ಯಾರ್ಥಿಗಳು ಹೋದ ಮೇಲೆ ಒಳಗೆ ಬಂದು, "ಆಟದ ಸಾಮಾನು" ಎಂದು ಗೊಣಗಿ ಕುಳಿತರು. ಒಂದೂಕಾಲು ಗಂಟೆ ಆಡಿದರು. ಎದ್ದು ಹೋಗುವಾಗ, "ನಾಳೆ ಎಷ್ಟು ಗಂಟೆಗೆ ತೆಗೀತೀರಿ?" ಎಂದು ಕೇಳಿದರು.

ನಿಮ್ಮ ಪ್ರಶ್ನೆಗಳಿಗೆ: ಒಣಗುತ್ತದೆ. ನಿಮ್ಮ ಪತ್ರ ಬಂದ ದಿನವೇ ಸೇರಿಸಿದೆವು. ತೊಳೆಯದಿದ್ದರೆ ತಿಳಿಯುತ್ತದೆ. ಸಾಯುವುದಿಲ್ಲ, ಒಣಗಿ ನಿಂತರೆ ಒಂದು ಗುಂಡಿ ಒತ್ತಿ ಹೊಸದನ್ನು ಪಡೆಯಬಹುದು. ಔಷಧಿಗೆ ಓಗೊಡದೆ ಇರುವುದೂ ಇಲ್ಲ. ನಿಮ್ಮ 212 ಹಾಳೆಗಳಲ್ಲಿ ಓಗೊಡದ ಹೃದಯ ಒಂದೂ ಸಿಗಲಿಲ್ಲ. ಅದನ್ನೇ ಕೈಪಿಡಿಯಲ್ಲಿ ಬರೆದಿದ್ದೇವೆ: 'ಈ ಪ್ರಮಾಣದ ಔಷಧಿಗೆ ಹೃದಯ ತಪ್ಪದೆ ಓಗೊಡುತ್ತದೆ.' ಪರಿಷತ್ತಿಗೂ ಇದೇ ವರದಿ ಹೋಗುತ್ತದೆ.

ಒಮ್ಮೆ ಬಂದು ನೋಡಿ. ಅಕ್ಟೋಬರ್ 8ಕ್ಕೆ ಎರಡನೇ ತಂಡ. ಈ ಸಲ ನಿಮ್ಮನ್ನು ಎಲ್ಲರೆದುರು ಚಿಕ್ಕಪ್ಪ ಎಂದೇ ಕರೆಯುತ್ತೇನೆ.

ಕಡ್ಡಿ


ಅಕ್ಟೋಬರ್ 19

ಕಡ್ಡಿಗೆ ಆಶೀರ್ವಾದ.

8ನೇ ತಾರೀಖು ನಿನ್ನ ಲ್ಯಾಬಿಗೆ ಬಂದು ಹೋದ ಮೇಲೆ ಹನ್ನೊಂದು ದಿನ ಬರೆಯಲಿಲ್ಲ. ಮೊದಲು ಸಂತೋಷದ ಮಾತು ಬರೆಯುತ್ತೇನೆ, ಆಮೇಲೆ ಇನ್ನೊಂದು.

ನಾನು ಆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ನಿಂತಿದ್ದೆ. ಅಂದು ನೀನು ಕುರ್ಚಿ ಹಾಕಿ ಕೂರಿಸಿದೆ. ಅಲ್ಲಿ ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ, ಯಾವ ಹುಡುಗನೂ ವಾಂತಿ ಮಾಡಲು ಹೊರಗೆ ಓಡಲಿಲ್ಲ. ಪರದೆಯ ಮೇಲೆ ಗೆರೆ ಎದ್ದಾಗ ನನಗೆ ಅದು ನನ್ನ ಯಾವ ವರ್ಷದ ಹಾಳೆ ಎಂದು ಗುರುತು ಸಿಕ್ಕಿತು. ಏರಿ, ತುದಿಯಲ್ಲಿ ಒಂದಿಷ್ಟು ನಡುಗಿ, ಇಳಿಯಿತು. ಆ ನಡುಕವನ್ನೂ ಬಿಟ್ಟಿಲ್ಲ ನೀವು. ನನ್ನ ಕೆಲಸವನ್ನು ಇಷ್ಟು ಹತ್ತಿರದಿಂದ ಯಾರೂ ಓದಿರಲಿಲ್ಲ. ಪ್ರೊಫೆಸರುಗಳು ಹಾಳೆಗೆ ಸಹಿ ಹಾಕುತ್ತಿದ್ದರು, ನೋಡುತ್ತಿರಲಿಲ್ಲ.

ಆಗ ಮುಂದಿನ ಸಾಲಿನ ಹುಡುಗ ಕೇಳಿದ, "ಮ್ಯಾಮ್, ಯಾವಾಗ್ಲೂ ಹೀಗೇ ಬರುತ್ತಾ?" ನೀನು, "ಯಾವಾಗ್ಲೂ" ಎಂದೆ. ನನ್ನ ಕಿವಿ ಮಂದವಾದರೂ ಅದು ಕೇಳಿಸಿತು. ಅಲ್ಲೇ ಎದ್ದು ಹೇಳಬೇಕಿತ್ತು. ಹೇಳದೆ ಬಸ್ಸು ಹತ್ತಿದೆ.

ಯಾವಾಗಲೂ ಬರುವುದಿಲ್ಲ, ಕಡ್ಡಿ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಪರೀಕ್ಷೆಯಲ್ಲಿ ಒಬ್ಬ ಹುಡುಗಿಗೆ ಸಿಕ್ಕ ಹೃದಯ ಓಗೊಡಲಿಲ್ಲ. ಮೂರು ಸಲ ಔಷಧಿ ಹಾಕಿದಳು. ಮುಳ್ಳು ಇದ್ದಲ್ಲೇ ಇತ್ತು. ಪರೀಕ್ಷಕರು, "ನಿನಗೆ ಕೈ ಕೂತಿಲ್ಲ" ಎಂದು ಫೇಲು ಮಾಡಿದರು. ಅವಳ ಕೈ ಸರಿಯಾಗಿಯೇ ಇತ್ತು, ನಾನು ನೋಡಿದ್ದೆ. ಅಟೆಂಡರನ ಮಾತು ಯಾರಿಗೆ ಬೇಕು? ಅವಳು ಪಡಸಾಲೆಯಲ್ಲಿ ನಿಂತು ಅಳುತ್ತಿದ್ದಳು. ನಾನು ನೆಲ ಒರೆಸುತ್ತಿದ್ದೆ.

ಮಾರನೆಯ ವರ್ಷದಿಂದ ಬೆಳಿಗ್ಗೆ ಆರಕ್ಕೇ ಬರತೊಡಗಿದೆ. ಕಪ್ಪೆಗಳನ್ನು ಹಲಗೆಗೆ ಸಿದ್ಧ ಮಾಡಿ, ನೀವು ಬರುವ ಮೊದಲೇ ಒಂದೊಂದು ಹೃದಯಕ್ಕೂ ಒಂದು ಹನಿ ಹಾಕಿ ನೋಡುತ್ತಿದ್ದೆ. ಓಗೊಟ್ಟರೆ ತೊಳೆದು ಮೇಜಿಗೆ. ಓಗೊಡದಿದ್ದರೆ ಹಿಂದಿನ ಬಕೆಟ್ಟಿಗೆ. ಮೂರಕ್ಕೆ ಒಂದು ಬಕೆಟ್ಟಿಗೆ ಹೋಗುತ್ತಿತ್ತು. ಅವುಗಳ ಹಾಳೆಯ ಮಸಿ ಒರೆಸಿ ಬಿಸಾಡುತ್ತಿದ್ದೆ. ರಿಜಿಸ್ಟರಿನಲ್ಲಿ 'ಸಾಗಣೆಯಲ್ಲಿ ಸತ್ತವು' ಎಂದು ಬರೆಯುತ್ತಿದ್ದೆ. ನೀನು ವರ್ಷಕ್ಕೆ ಆರುನೂರು ಎನ್ನುತ್ತೀಯ. ಬರುತ್ತಿದ್ದುದು ಒಂಬೈನೂರು.

ನಿವೃತ್ತನಾದಾಗ ನನ್ನ ಜಾಗಕ್ಕೆ ಬಂದವನಿಗೂ ಹೀಗೆ ಆರಿಸುವುದನ್ನು ಹೇಳಿಕೊಟ್ಟೇ ಬಂದೆ. ಆಮೇಲೆ ಆ ಲ್ಯಾಬಿನಲ್ಲಿ ಕಪ್ಪೆಯ ದೆಸೆಯಿಂದ ಯಾರೂ ಫೇಲಾಗಲಿಲ್ಲ. 'ಒಂದೂ ವಿಫಲವಾಗದ ಪ್ರಯೋಗಾಲಯ' ಎಂದು ವಿಶ್ವವಿದ್ಯಾಲಯ ನನಗೆ ಪ್ರಶಂಸಾಪತ್ರ ಕೊಟ್ಟಿತು. ಗೋಡೆಯ ಮೇಲಿದೆ. ಹದಿನೇಳನೇ ನಂಬರಿನ ಹೃದಯವನ್ನೂ ನಾನೇ ಆರಿಸಿದ್ದೆ.

ನೀನು 212 ಹಾಳೆಗಳಲ್ಲಿ ನೋಡಿದ್ದು ಕಪ್ಪೆಗಳ ಸ್ವಭಾವವಲ್ಲ, ನನ್ನ ಆಯ್ಕೆ. ಈ ಹುಡುಗರು ನಾಳೆ ಡಾಕ್ಟರಾಗುತ್ತಾರೆ. ಔಷಧಿ ಕೊಟ್ಟು, ಗೆರೆ ಏಳುತ್ತದೆಂದು ಕಾಯುತ್ತಾ ನಿಂತರೆ?

ಚಿಕ್ಕಪ್ಪ


ಅಕ್ಟೋಬರ್ 24, ಶನಿವಾರ

ಚಿಕ್ಕಪ್ಪ,

ನಿಮ್ಮ ಪತ್ರ ಬಂತು. ಮೂರು ಸಲ ಓದಿದೆ.

ಪರಿಷತ್ತಿಗೆ ಇನ್ನು ಇಪ್ಪತ್ತಮೂರು ದಿನಗಳಿವೆ. ವರದಿ ಅಚ್ಚಾಗಿದೆ. 'ತಪ್ಪದೆ ಓಗೊಡುತ್ತದೆ' ಎಂಬ ವಾಕ್ಯ ಹನ್ನೆರಡನೇ ಪುಟದಲ್ಲಿದೆ, ಕೆಳಗೆ ನನ್ನ ಸಹಿ ಇದೆ. ಈಗ ಅದು ತಪ್ಪೆಂದರೆ, ಬೇಡವೆನ್ನಲು ಕಾರಣ ಹುಡುಕುತ್ತಿರುವವರಿಗೆ ನಾನೇ ಕಾರಣ ತಂದುಕೊಟ್ಟಂತೆ. ಐದು ವರ್ಷ. ನಿಮ್ಮ ಲೆಕ್ಕದಲ್ಲಿ ನಾಲ್ಕೂವರೆ ಸಾವಿರ ಕಪ್ಪೆಗಳು. ಹೇಳದಿದ್ದರೆ, ಎಂದೂ ಹಟ ಮಾಡದ ಹೃದಯವನ್ನು ಪ್ರತಿ ವರ್ಷ ನೂರಾರು ಮಂದಿಗೆ ಕಲಿಸುತ್ತೇನೆ.

ಹೇಳಬೇಕೆಂದರೆ ನನ್ನ ಕೈಯಲ್ಲಿರುವುದು ನಿಮ್ಮ ನೆನಪು ಮಾತ್ರ. ಮೂರಕ್ಕೆ ಒಂದು ಎಂದರೆ ಯಾರು ನಂಬುತ್ತಾರೆ? ರಿಜಿಸ್ಟರಿನಲ್ಲಿ ಬೇರೆಯೇ ಬರೆದಿದೆ. ಅದೂ ನಿಮ್ಮ ಕೈಬರಹದಲ್ಲಿ.

ನಿಮ್ಮ ಮೇಲೆ ಸಿಟ್ಟಿದೆಯೇ ಎಂದು ಕೇಳಬೇಡಿ. ನನಗೂ ಗೊತ್ತಿಲ್ಲ.

ಇಂತಿ,
ಅಣ್ಣನ ಮಗಳು


ಅಕ್ಟೋಬರ್ 30

ಕಡ್ಡಿ, ಚಿಕ್ಕಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದಾಗಿನಿಂದ ಇವರು ಊಟಕ್ಕೆ ಕರೆದರೆ ಬರುತ್ತಾರೆ, ಉಂಡು ಏಳುತ್ತಾರೆ. ಉಪ್ಪು ಹಾಕದೆ ಬಡಿಸಿದೆ, ಅದನ್ನೂ ತಿಂದರು. ಆಗ ನನಗೆ ಭಯವಾಗಿ ನಿನ್ನ ಕಾಗದ ಹುಡುಕಿ ಓದಿದೆ. ಬೇರೆಯವರ ಕಾಗದ ಓದಬಾರದು, ನನಗೂ ಗೊತ್ತು, ಪಾಠ ಹೇಳಬೇಡ.

ನೆನಪು ಮಾತ್ರ ಎಂದು ಬರೆದಿದ್ದೀಯ. ನಿನ್ನ ಚಿಕ್ಕಪ್ಪ ಹಾಲಿನವನು ಬಂದ ಹೊತ್ತನ್ನೂ ಬರೆದಿಡುವ ಮನುಷ್ಯ. ಬೀರುವಿನ ತಳದಲ್ಲಿ ಸಣ್ಣ ಸಣ್ಣ ಡೈರಿಗಳಿವೆ, ಮೂವತ್ತಮೂರು. ವರ್ಷಕ್ಕೊಂದು. ನಾನು ಮದುವೆಯಾದ ಹೊಸದರಲ್ಲಿ ಯಾವಳಿಗಾದರೂ ಕಾಗದ ಬರೆಯುತ್ತಿದ್ದಾರೇನೋ ಎಂದು ಕದ್ದು ನೋಡಿದ್ದೆ. ಒಳಗೆ ಬರೀ ಅಂಕಿ. ತಾರೀಖು, 32, 21. ಮತ್ತೆ ತಾರೀಖು, 30, 19. ಪಕ್ಕದಲ್ಲಿ ಒಂದೆರಡು ಮಾತು. ಸವತಿ ಇಲ್ಲವಲ್ಲ ಎಂದು ಹಾಗೇ ಮುಚ್ಚಿಟ್ಟೆ.

ನಿನ್ನೆ ಅವನ್ನೆಲ್ಲ ಹೊರಗೆ ತೆಗೆದು ಒರೆಸಿ ಅವರ ಮುಂದೆ ಪೇರಿಸಿದೆ. "ಇವನ್ನ ಕಳಿಸ್ತೀನಿ" ಎಂದೆ. ಎದ್ದುಹೋಗಿ ಪಾರ್ಸಲಿಗೆ ದಾರ ತಂದುಕೊಟ್ಟರು.

ತಲುಪಿದ ಕೂಡಲೇ ಬರೆ.

ಚಿಕ್ಕಮ್ಮ


ನವೆಂಬರ್ 8, ಭಾನುವಾರ

ಚಿಕ್ಕಪ್ಪನಿಗೆ ನಮಸ್ಕಾರ. ಚಿಕ್ಕಮ್ಮನಿಗೂ.

ಡೈರಿಗಳು ಮಂಗಳವಾರ ಬಂದವು. ಐದು ದಿನದಿಂದ ನಾನೂ ಗೆಳತಿಯೂ ಬೇರೆ ಏನನ್ನೂ ಮಾಡಿಲ್ಲ. ನಾನು ಓದುತ್ತೇನೆ, ಅವಳು ಕಂಪ್ಯೂಟರಿಗೆ ಹಾಕುತ್ತಾಳೆ. ಮೂವತ್ತಮೂರು ವರ್ಷ, ಪ್ರಯೋಗ ನಡೆದ ಒಂಬೈನೂರು ಚಿಲ್ಲರೆ ದಿನಗಳು, ಒಂದು ದಿನವೂ ತಪ್ಪಿಲ್ಲ. ಮೊದಲ ಅಂಕಿ ಅಂದು ಹಲಗೆಗೆ ಏರಿದವು, ಎರಡನೆಯದು ಓಗೊಟ್ಟು ಮೇಜಿಗೆ ಹೋದವು. ಬಕೆಟ್ಟಿಗೆ ಹೋದವು ಒಟ್ಟು ಒಂಬತ್ತು ಸಾವಿರದ ಎಂಟುನೂರ ಹದಿನಾರು. ಸೆಖೆಯ ತಿಂಗಳುಗಳಲ್ಲಿ ನಾಲ್ಕಕ್ಕೆ ಒಂದು, ಚಳಿಯಲ್ಲಿ ಎರಡಕ್ಕೆ ಒಂದು. ಪಕ್ಕದಲ್ಲಿ ನೀವು ಬರೆದ ಕಾರಣಗಳು: 'ಮೊಟ್ಟೆ ತುಂಬಿದೆ', 'ಬಡಿತ ತಾಳ ತಪ್ಪಿದೆ', 'ದಿನವಾಗಿದೆ, ಸೊರಗಿದೆ'. ಎಲ್ಲಕ್ಕಿಂತ ಹೆಚ್ಚು ಸಲ ಬಂದಿರುವುದು 'ಕಾರಣ ತಿಳಿಯದು'.

ಗೆಳತಿ ನಿನ್ನೆ ಕೀಲಿಮಣೆಯಿಂದ ಕೈ ತೆಗೆದು ಡೈರಿಯನ್ನು ತನ್ನತ್ತ ಎಳೆದುಕೊಂಡಳು. ಏನಾಯಿತೆಂದೆ. "ಯಾರೂ ಬರೀ ಅಂತ ಹೇಳ್ಲಿಲ್ಲ. ಯಾರೂ ನೋಡ್ತೀನಿ ಅಂತಾನೂ ಹೇಳ್ಲಿಲ್ಲ. ಕಾರಣ ಗೊತ್ತಿಲ್ದಾಗ ಗೊತ್ತಿಲ್ಲ ಅಂತ ಬರ್ದಿದಾರೆ. ಅಷ್ಟು ಮಾಡೋ ವಿಜ್ಞಾನಿಗಳು ನಂಗೆ ಇಬ್ರು ಗೊತ್ತು" ಎಂದಳು. ಸ್ವಲ್ಪ ಯೋಚಿಸಿ, "ಒಬ್ರು" ಎಂದು ತಿದ್ದಿಕೊಂಡಳು.

ರಿಜಿಸ್ಟರಿನಲ್ಲಿ ಸುಳ್ಳು ಬರೆದ ಕೈಯೇ ಅದೇ ದಿನ ಡೈರಿಯಲ್ಲಿ ನಿಜ ಬರೆದಿದೆ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ಇನ್ನೂ ತಿಳಿದಿಲ್ಲ. ಅಂದು ಪಡಸಾಲೆಯಲ್ಲಿ ನಿಂತವಳು ನಾನಾಗಿದ್ದರೆ ನೀವು ಮಾಡಿದ್ದು ಸರಿ ಎನ್ನುತ್ತಿದ್ದೆ.

ಪ್ರೋಗ್ರಾಮನ್ನು ತಿದ್ದಿದ್ದೇವೆ. ಈಗ ಯಾರಿಗೆ ಎಂಥ ಹೃದಯ ಸಿಗುತ್ತದೆಂದು ನಮಗೂ ಗೊತ್ತಿರುವುದಿಲ್ಲ. ಶುಕ್ರವಾರ ಮೂವರು ವಿದ್ಯಾರ್ಥಿಗಳನ್ನು ಕರೆಸಿ ಕೊಟ್ಟೆ. ನಲವತ್ತೊಂದು ಸಲ ಮಾಡಿದ ಆ ಹುಡುಗಿಗೇ ಓಗೊಡದ ಹೃದಯ ಸಿಕ್ಕಿತು. ಒಂದು ಹನಿ, ಎರಡು, ನಾಲ್ಕು.

"ಮ್ಯಾಮ್, ನಂದು ಕೆಟ್ಟಿದೆ."

"ಕೆಟ್ಟಿಲ್ಲ. ಅದು ಇರೋದೇ ಹಾಗೆ."

"ಹಾಗಾದ್ರೆ ನಾನೀಗ ಏನ್ ಮಾಡ್ಬೇಕು?"

ಹತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಸಂದರ್ಭವನ್ನು ನೀವು ಬರಗೊಟ್ಟಿರಲಿಲ್ಲ. ಆ ಒಂದು ಪ್ರಶ್ನೆಯ ಮೇಲೆ ನಾವು ನಾಲ್ವರೂ ಊಟದ ಹೊತ್ತು ಮೀರಿ ಮಾತಾಡಿದೆವು. ಆ ಪಾಠವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಆದ್ದರಿಂದ 16ಕ್ಕೆ ಹಳೆಯ ವರದಿಯನ್ನು ಹಿಂತೆಗೆದು ಹೊಸದನ್ನು ಇಡುತ್ತೇನೆ. ಹನ್ನೆರಡನೇ ಪುಟ ತಪ್ಪು ಎಂದು ನಾನೇ ಮೊದಲು ಹೇಳುತ್ತೇನೆ. ಮುಖ್ಯಸ್ಥರಿಗೆ ತಿಳಿಸಿದೆ. "ನಿಮ್ಮ ಕಾಲಿನ ಮೇಲೆ ನೀವೇ ಕಲ್ಲು ಹಾಕ್ಕೋತಿದೀರಿ" ಎಂದರು. ತಡೆಯಲಿಲ್ಲ.

ಒಂದನ್ನು ಮಾತ್ರ ನೀವು ಹೇಳಬೇಕು. ಅಂಕಿಗಳು ಎಲ್ಲಿಂದ ಬಂದವೆಂದು ಕೇಳಿಯೇ ಕೇಳುತ್ತಾರೆ. ಡೈರಿ ತೋರಿಸಿದರೆ ರಿಜಿಸ್ಟರೂ ಹೊರಬರುತ್ತದೆ, ಪ್ರಶಂಸಾಪತ್ರದ ಮಾತೂ ಬರುತ್ತದೆ. 'ವಿಭಾಗದ ಹಳೆಯ ದಾಖಲೆಗಳಿಂದ' ಎಂದಷ್ಟೇ ಬರೆಯಬಹುದು. ಅದು ಪೂರ್ತಿ ಸುಳ್ಳಲ್ಲ. ನೀವು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ,
ಕಡ್ಡಿ


ನವೆಂಬರ್ 12, ಗುರುವಾರ

ಕಡ್ಡಿಗೆ ಆಶೀರ್ವಾದ.

'ಪೂರ್ತಿ ಸುಳ್ಳಲ್ಲ' ಎಂಬ ಮಾತನ್ನು ನಾನು ಮೂವತ್ತಮೂರು ವರ್ಷ ನನಗೇ ಹೇಳಿಕೊಂಡಿದ್ದೇನೆ. ನಿನಗೆ ಅದು ಬೇಡ. ನನ್ನ ಹೆಸರು ಬರೆ. ಹೆಸರಿನ ಮುಂದೆ ಅಟೆಂಡರ್ ಎಂದು ಬರೆ, 'ಸಹಾಯ ಮಾಡಿದ ಹಿರಿಯರು' ಗಿರಿಯರು ಎಂದೆಲ್ಲ ಬೇಡ. ರಿಜಿಸ್ಟರಿನ ಬಗ್ಗೆ ಕೇಳಿದರೆ ನಾನೇ ಉತ್ತರಿಸುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಪ್ರಶಂಸಾಪತ್ರವನ್ನು ಗೋಡೆಯಿಂದ ಇಳಿಸಿದ್ದೇನೆ. ತರುತ್ತೇನೆ, ಬೇಕಾದರೆ ಇಟ್ಟುಕೊಳ್ಳಲಿ. ಆ ಜಾಗದಲ್ಲಿ ಬಣ್ಣ ಚೌಕವಾಗಿ ಹೊಸದಾಗಿ ಉಳಿದಿದೆ. ಈಗ ಇಡೀ ಗೋಡೆಗೆ ಬಣ್ಣ ಹೊಡೆಸಬೇಕೆಂದು ಚಿಕ್ಕಮ್ಮ ಗಂಟುಬಿದ್ದಿದ್ದಾಳೆ.

ಹುಡುಗಿಯ ಪ್ರಶ್ನೆಯನ್ನು ಓದಿ ಎರಡು ದಿನ ಅದನ್ನೇ ಯೋಚಿಸಿದೆ. 'ನಾನೀಗ ಏನು ಮಾಡಬೇಕು.' ಅಂದು ಫೇಲಾದವಳ ಪರವಾಗಿ ನಾನು ಒಂದು ಮಾತು ಆಡಬೇಕಿತ್ತು. ಆಡುವ ಧೈರ್ಯವಿಲ್ಲದೆ ಕಪ್ಪೆಗಳನ್ನು ಆರಿಸಿದೆ. ನೀವು ಮಾಡಿದ ಯಂತ್ರ ಆ ಮಾತನ್ನು ಈಗ ತರಗತಿಯಲ್ಲೇ ಆಡಿಸುತ್ತಿದೆ. ಅದು ನನಗಿಂತ ಒಳ್ಳೆಯ ಮೇಷ್ಟ್ರು. ಮುಖಸ್ತುತಿಗೆ ಹೇಳುತ್ತಿಲ್ಲ, ಕೆಲಸ ನೋಡಿ ಹೇಳುತ್ತಿದ್ದೇನೆ.

ಆದರೆ ಪರಿಷತ್ತಿನವರು ಒಂದು ಕೇಳುತ್ತಾರೆ, ನೋಡುತ್ತಿರು: ಪರದೆಯ ಹೃದಯ ಓಗೊಡದಿದ್ದರೆ ಅದು ನಿಜವೋ, ಪ್ರೋಗ್ರಾಮಿನ ತಪ್ಪೋ ಎಂದು ಹುಡುಗರಿಗೆ ಹೇಗೆ ತಿಳಿಯಬೇಕು? ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿದೆ. ಚಿಕ್ಕಮ್ಮನಿಗೂ ಹೇಳಿ ನಿರ್ಧಾರ ಮಾಡಿದ್ದೇನೆ.

ಪ್ರತಿ ತಂಡಕ್ಕೆ ವರ್ಷಕ್ಕೊಮ್ಮೆ, ಒಂದೇ ಒಂದು ನಿಜವಾದ ಹೃದಯ. ವರ್ಷಕ್ಕೆ ಆರು ತಂಡ, ಆರು ಕಪ್ಪೆ. ಮಿಕ್ಕಿದ್ದೆಲ್ಲ ನಿನ್ನ ಪರದೆಯ ಮೇಲೆ. ಆ ಆರು ದಿನ ನಾನು ಬಂದು ಎಲ್ಲರೆದುರು ಮಾಡಿ ತೋರಿಸುತ್ತೇನೆ. ಸಂಬಳ ಬೇಡ. ಬೆಳಿಗ್ಗೆ ಹತ್ತರವರೆಗೆ ನನ್ನ ಕೈ ನಡುಗುವುದಿಲ್ಲ. ಮುಂದೆ ಆ ಕೋಣೆಯಲ್ಲಿ ಯಾರಾದರೂ ಕೈ ಕಲಿತರೆ ನಾನು ನಿಲ್ಲಿಸುತ್ತೇನೆ. ಅದೂ ಬೇಡವೆಂದು ಒಂದು ದಿನ ನಿನಗನ್ನಿಸಿದರೆ ಆಗಲೂ ನಿಲ್ಲಿಸುತ್ತೇನೆ, ಮಾತು ಬಿಡುವುದಿಲ್ಲ.

ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಒಬ್ಬರನ್ನೇ ಕಳಿಸಿದರೆ ಬಾಗಿಲ ಬಳಿಯೇ ನಿಂತುಬಿಡುತ್ತೀರಿ ಎಂದು ಚಿಕ್ಕಮ್ಮನ ಅನುಮಾನ.

ನಾನು ಅವರೆದುರು ಹೇಳಬೇಕೆಂದಿರುವುದು ಇಷ್ಟೇ. ಆರು ದಿನವೂ ನಾನು ಎಲ್ಲರ ಜೊತೆಗೇ ಒಂಬತ್ತೂವರೆಗೆ ಬರುತ್ತೇನೆ, ಅದಕ್ಕೆ ಮೊದಲಲ್ಲ. ಬುಟ್ಟಿಗೆ ಕೈ ಹಾಕುತ್ತೇನೆ. ಯಾವುದು ಸಿಗುತ್ತದೋ ಅದು.

ನಿನ್ನ,
ಚಿಕ್ಕಪ್ಪ